ಕಟ್ಟಿಗೆಯ ಮೇಲೆ ಕುಳಿತ ಸೋದರತ್ತೆ

ಕಳೆದ ಶ್ರಾವಣದ ಮೊದಲ ಸೋಮವಾರ ಧಾರವಾಡದ ಸಿವಿಲ್ ನ್ಯಾಯಾಲಯದಲ್ಲಿ ನನ್ನ ಸೋದರತ್ತೆ ಸಾಕ್ಷಿ ಕಟಕಟೆ ಹತ್ತಿ, ತಮ್ಮ ಮನೆ ಮುಂದಿನ ಕಲ್ಲಿನ ಕಟ್ಟೆಯ ಬಗ್ಗೆ ಒಂದು ವಾಕ್ಯ ಹೇಳಿದರು. ಎರಡನೆಯದಕ್ಕೆ ಮೊದಲೇ ತಡೆ ಬಿತ್ತು.

ಕಟ್ಟೆ ಇರುವುದು ಸಪ್ತಾಪುರದಲ್ಲಿ. ಅತ್ತೆಯ ಮನೆಗೂ ಪಕ್ಕದ ನಿವೃತ್ತ ಪ್ರಾಧ್ಯಾಪಕರ ಮನೆಗೂ ಒಂದೇ ಉದ್ದನೆಯ ಕಟ್ಟೆ. ಸಂಜೆಯಾದರೆ ಅತ್ತೆ ಅಲ್ಲಿ ಕೂತು, ಹಾದುಹೋಗುವ ಬಾಡಿಗೆ ರೂಮಿನ ಹುಡುಗರ ಊಟ, ಪರೀಕ್ಷೆ, ಮದುವೆ ಎಲ್ಲವನ್ನೂ ವಿಚಾರಿಸುವವರು. ಓದಿಗೆ ಗದ್ದಲವಾಗುತ್ತದೆಂದು ಪ್ರಾಧ್ಯಾಪಕರು ಕಟ್ಟೆಯ ತುಂಬ ಪಾಪಾಸುಕಳ್ಳಿಯ ಕುಂಡ ಇಟ್ಟರು. ಕೂರುವ ಹಕ್ಕಿಗಾಗಿ ಅತ್ತೆ ದಾವೆ ಹೂಡಿದರು.

ನಾನು ಪತ್ರಿಕೆಗೆ ನ್ಯಾಯಾಲಯದ ಸುದ್ದಿ ಬರೆಯುವವನು. ಅಂದು ಅತ್ತೆಯ ಚೀಲ ಹಿಡಿದುಕೊಳ್ಳಲು ಹೋಗಿದ್ದೆ.

“ಲಗ್ನಾಗಿ ಬಂದಾಗಿಂದ ಆ ಕಟ್ಟಿ ಮ್ಯಾಲ ಕುಂದರತೇನ್ರಿ ಸಾಹೇಬ್ರ,” ಎಂದರು ಅತ್ತೆ.

ಪ್ರಾಧ್ಯಾಪಕರ ವಕೀಲರು ಎದ್ದರು. “ಆಕ್ಷೇಪಣೆ ಐತ್ರಿ. ದಾವೆದಾಗ ಕಟ್ಟೆ ಇಲ್ಲ. ಬರೇ ಕಟ್ಟಿಗೆ ಐತಿ.”

ನ್ಯಾಯಾಧೀಶರು ದಾವೆಯ ಪ್ರತಿ ತಿರುವಿದರು. ಅದರಲ್ಲಿದ್ದುದು ಇಷ್ಟು: ‘ಮನೆಯ ಮುಂದಿನ ಕಟ್ಟಿಗೆಯ ಮೇಲೆ ವಾದಿಗೆ ಹಕ್ಕಿದ್ದು, ಅವರು ದಿನವೂ ಅದರ ಮೇಲೆ ಕುಳಿತುಕೊಳ್ಳುತ್ತಿದ್ದರು; ಈಗ ಪ್ರತಿವಾದಿಯು ಅದರ ಮೇಲೆ ಕುಂಡಗಳನ್ನು ಇಟ್ಟಿದ್ದಾರೆ.’

ಅತ್ತೆ ತಮ್ಮ ವಕೀಲರಿಗೆ ಹೇಳಿದ್ದು, “ಮನಿ ಮುಂದಿನ ಕಟ್ಟಿಗಿ ನಂದೂ ಹಕ್ಕೈತಿ,” ಎಂದು. ‘ಕಟ್ಟೆಗೆ’ ಎಂಬುದು ನಮ್ಮ ಬಾಯಲ್ಲಿ ಕಟ್ಟಿಗಿ. ಒಲೆಗೆ ಹಾಕುವುದೂ ಕಟ್ಟಿಗಿ. ವಕೀಲರ ಟೈಪಿಸ್ಟ್ ಮಂಡ್ಯದ ಕಡೆಯವರು. ಇಲ್ಲಿಯ ‘ಮನಿ’ಯನ್ನು ಮನೆ, ‘ಸಾಲಿ’ಯನ್ನು ಶಾಲೆ ಮಾಡಿ ರೂಢಿಯಾಗಿ, ‘ಕಟ್ಟಿಗಿ’ಯನ್ನು ಕಟ್ಟಿಗೆ ಮಾಡಿದ್ದರು.

ಪ್ರಾಧ್ಯಾಪಕರ ಲಿಖಿತ ಉತ್ತರವೂ ಅದಕ್ಕೆ ತಕ್ಕಂತಿತ್ತು. ಅಲ್ಲಿ ಕಟ್ಟಿಗೆ ಇರಲಿಲ್ಲ, ಇದ್ದರೂ ವಾದಿಯದಲ್ಲ, ವಾದಿಯದೇ ಆಗಿದ್ದರೂ ಗೆದ್ದಲು ತಿಂದಿದೆ.

“ನೋಡಿಮ್ಮಾ, ದಾವೆಯಲ್ಲಿ ಬರೆಯದೇ ಇರೋದಕ್ಕೆ ಸಾಕ್ಷ್ಯ ಕೊಡೋಕೆ ಬರಲ್ಲ,” ಎಂದರು ನ್ಯಾಯಾಧೀಶರು. “ಎದುರಿನವರಿಗೆ ಮೊದಲೇ ಗೊತ್ತಿದ್ದರೆ ತಾನೇ ಅವರು ಉತ್ತರ ಕೊಡೋದು?”

“ಅವರಿಗೆ ಗೊತ್ತಿಲ್ಲೇನ್ರಿ? ಮತ್ತ ಆ ಮುಳ್ಳಿನ ಕುಂಡಾ ಒಲಿ ಮ್ಯಾಲ ಇಟ್ಟಾರೇನು?”

“ಕಟ್ಟಿಗೆ ಮ್ಯಾಲ ಇಟ್ಟಾರಂತ ನೀವ ಬರಸೀರಿ,” ಎಂದರು ಎದುರು ವಕೀಲರು.

ಹಿಂದಿನ ಬೆಂಚಿನಲ್ಲಿದ್ದ ಪ್ರಾಧ್ಯಾಪಕರಿಗೆ ತಡೆಯಲಾಗಲಿಲ್ಲ. “ಸಾಹೇಬ್ರ, ಆ ಕಟ್ಟಿ ಕಟ್ಟಿಸಿದಾಂವ ನಮ್ಮಪ್ಪ!”

ಅವರ ವಕೀಲರು ತಿರುಗಿ ನೋಡಿದರು. “ಸುಮ್ನ ಕುಂದರ್ರಿ ಸರ್. ನಮ್ಮ ಉತ್ತರದಾಗೂ ಕಟ್ಟಿ ಇಲ್ಲ!”

ಅತ್ತೆಯ ವಕೀಲರು ದಾವೆ ತಿದ್ದಲು ಅರ್ಜಿ ಹಾಕುವುದಾಗಿ ಹೇಳಿ ಸಮಯ ಕೇಳಿದರು. ಹೊರಗೆ ಬಂದ ಮೇಲೆ ನಾನು ಅತ್ತೆಯನ್ನು ಕೇಳಿದೆ, “ಓದದೇ ಸಹಿ ಮಾಡಿದ್ರೇನು?”

“ಓದೇನಿ. ಕೋರ್ಟಿನ ಕನ್ನಡದಾಗ ಕಟ್ಟಿ ಅನ್ನೂದಕ್ಕ ಕಟ್ಟಿಗೆ ಅಂತಾರ ಅಂತ ತಿಳಕೊಂಡೆ. ಛಲೋ ಬರದಾರ ಅಂತ ಟೈಪಿಸ್ಟಗ ಧಾರವಾಡ ಪೇಡೆನೂ ಕೊಟ್ಟು ಬಂದೇನಿ.”

ಅರ್ಜಿಗೆ ಎದುರು ವಕೀಲರ ವಿರೋಧ ಜೋರಾಗಿಯೇ ಇತ್ತು. ವಿಚಾರಣೆ ಶುರುವಾದ ಮೇಲೆ ತಿದ್ದುವಂತಿಲ್ಲ, ವಾದಿ ಮೊದಲೇ ಎಚ್ಚರ ವಹಿಸಬೇಕಿತ್ತು ಎಂದರು. ಕಟ್ಟಿಗೆಯ ಮೇಲೆ ಯಾರೂ ದಿನಾ ಸಂಜೆ ಕೂರುವುದಿಲ್ಲ, ಇದು ಬರವಣಿಗೆಯ ದೋಷವೆಂದು ಮೇಲ್ನೋಟಕ್ಕೇ ತಿಳಿಯುತ್ತದೆ ಎಂದು ನ್ಯಾಯಾಧೀಶರು ತಿದ್ದುಪಡಿಗೆ ಒಪ್ಪಿದರು. ಪ್ರಾಧ್ಯಾಪಕರಿಗೂ ಹೊಸ ಉತ್ತರ ಸಲ್ಲಿಸಲು ಅವಕಾಶ ಕೊಟ್ಟರು.

ಈ ಸಲ ಉತ್ತರವನ್ನು ಪ್ರಾಧ್ಯಾಪಕರು ತಾವೇ ಬರೆದರು. ಅಲ್ಲಿ ಕಟ್ಟೆ ಎಂಬುದೇ ಇಲ್ಲ, ಎರಡೂ ಮನೆಯವರು ಹತ್ತಿಳಿಯಲು ಬಳಸುವ ಸಾಮಾನ್ಯ ಮೆಟ್ಟಿಲು ಮಾತ್ರ ಇದೆ ಎಂದು ಅದರಲ್ಲಿದೆ. ಅದು ದಾಖಲಾದ ಮೇಲೆ ಓದಿದ ಅವರ ವಕೀಲರು ಅವರಿಗೆ ಫೋನ್ ಮಾಡಿ, ಸಾಮಾನ್ಯ ಮೆಟ್ಟಿಲ ಮೇಲೆ ಕುಂಡ ಇಟ್ಟರೆ ದಾರಿ ತಡೆದಂತಾಗುತ್ತದೆ, ಬರೆದದ್ದನ್ನು ಮೀರಿ ಇನ್ನೇನೂ ಹೇಳಲು ಬರುವುದಿಲ್ಲ ಎಂದರು. ಪ್ರಾಧ್ಯಾಪಕರು ಮಾರನೆಯ ಬೆಳಿಗ್ಗೆ ಕುಂಡಗಳನ್ನು ಒಳಗೆ ಒಯ್ದರು.

ಅತ್ತೆ ಆ ಸಂಜೆಯಿಂದ ಮೆಟ್ಟಿಲ ಮೇಲೆ ಕೂರುತ್ತಿದ್ದಾರೆ.