ಪೆಡಲ್ ಮೇಲಿನ ಕಾಲು

1957ರಲ್ಲಿ ನಾನು ರಾಜಾಜಿನಗರದ ಒಂದು ಖಾಸಗಿ ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಎಂ.ಬಿ.ಬಿ.ಎಸ್. ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ ಅದು. ನೇಮಕ ಒಂದು ವರ್ಷಕ್ಕೆ ಮಾತ್ರ. ಮುಂದುವರಿಸುವುದೂ ಬಿಡುವುದೂ ಆಡಳಿತದ ಇಚ್ಛೆ ಎಂದು ಮೊದಲ ದಿನವೇ ಹೇಳಿದ್ದರು. ಲೇಡಿ ಡಾಕ್ಟರು ಹೆರಿಗೆ ಆಸ್ಪತ್ರೆಗೆ ಹೋಗದೆ ಕಾರ್ಖಾನೆಗೆ ಬಂದದ್ದು ಅಲ್ಲಿ ಅನೇಕರಿಗೆ ತಮಾಷೆಯ ಸಂಗತಿಯಾಗಿತ್ತು. ಅದನ್ನು ತಮಾಷೆಯಾಗಿ ತೆಗೆದುಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ.

ಕಾರ್ಖಾನೆಯಲ್ಲಿ ತಗಡಿನ ಡಬ್ಬಗಳು, ಮುಚ್ಚಳಗಳು ತಯಾರಾಗುತ್ತಿದ್ದವು. ಡಿಸ್ಪೆನ್ಸರಿಯ ಕಿಟಕಿ ಪ್ರೆಸ್ ಶೆಡ್ಡಿನ ಕಡೆಗೇ ಇತ್ತು. ತಗಡಿಗೆ ಅಚ್ಚು ಬಡಿಯುವ ಸದ್ದಿನ ನಡುವೆಯೇ ನಾನು ಸ್ಟೆಥಾಸ್ಕೋಪ್ ಇಟ್ಟು ಎದೆ ಬಡಿತ ಕೇಳಬೇಕಾಗಿತ್ತು.

ಗಂಗಪ್ಪ ಕುರುಬರಹಳ್ಳಿಯವನು. ವಯಸ್ಸು ಇಪ್ಪತ್ತೈದರ ಆಸುಪಾಸು. ಹೊಲದ ದಾರಿಯಲ್ಲಿ ನಡೆದೇ ಕೆಲಸಕ್ಕೆ ಬರುತ್ತಿದ್ದ. ಪವರ್ ಪ್ರೆಸ್ಸಿನಲ್ಲಿ ಮುಚ್ಚಳ ಒತ್ತುವುದು ಅವನ ಕೆಲಸ. ಇನ್ನೂ ಟೆಂಪರರಿ. ಆ ವರ್ಷ ಕಾಯಂ ಆಗುವವರ ಸಾಲಿನಲ್ಲಿ ಅವನ ಹೆಸರಿತ್ತು. ಒಂದು ಬೆಳಿಗ್ಗೆ ಅವನು ಗೋಡೆ ಹಿಡಿದುಕೊಂಡು ಒಳಗೆ ಬಂದ.

‘ಸೊಂಟ ಹಿಡ್ಕೊಂಡ್ಬುಟ್ಟೈತೆ ಅಮ್ಮಾವ್ರೆ. ಬಲಗಾಲಿಗೆ ಯಾರೋ ಕಾದ ಸಲಾಕೆ ಎಳೆದಂಗೆ ಆಗ್ತದೆ.’

ಮೇಜಿನ ಮೇಲೆ ಮಲಗಿಸಿ, ಮಂಡಿ ಮಡಿಸದಂತೆ ಬಲಗಾಲನ್ನು ಮೇಲೆತ್ತಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಹಲ್ಲು ಕಚ್ಚಿದ. ಬೆನ್ನಿನ ಸ್ನಾಯು ಹಲಗೆಯಂತೆ ಬಿಗಿದಿತ್ತು. ಇದು ಸಯಾಟಿಕಾ. ಸೊಂಟದ ಬಳಿ ನರದ ಬುಡಕ್ಕೆ ಒತ್ತಡ ಬಿದ್ದು ನೋವು ಕಾಲಿನುದ್ದಕ್ಕೂ ಇಳಿಯುತ್ತದೆ. ಆ ನೋವಿಗೆ ಬೆನ್ನಿನ ಸ್ನಾಯುಗಳು ಬಿಗಿಯುತ್ತವೆ, ಬಿಗಿತದಿಂದ ನೋವು ಹೆಚ್ಚುತ್ತದೆ. ಮೂತ್ರಕ್ಕೆ ತೊಂದರೆ ಇದೆಯೇ, ಪಾದ ಜೋತುಬೀಳುತ್ತದೆಯೇ ಎಂದು ವಿಚಾರಿಸಿದೆ. ಹಾಗಿದ್ದರೆ ಅವನನ್ನು ಅಂದೇ ದೊಡ್ಡಾಸ್ಪತ್ರೆಗೆ ಕಳಿಸಬೇಕಾಗುತ್ತಿತ್ತು. ಎರಡೂ ಇರಲಿಲ್ಲ.

ಸ್ನಾಯುವಿನ ಸೆಳೆತ ಸಡಿಲಿಸಲು ಆಗ ನಮ್ಮಲ್ಲಿ ಇದ್ದದ್ದು ಮೆಫೆನೆಸಿನ್ ಎಂಬ ಔಷಧಿ. ಅದು ನರದ ಒತ್ತಡವನ್ನು ತೆಗೆಯುವುದಿಲ್ಲ. ಬಿಗಿತವನ್ನು ಕೆಲ ಹೊತ್ತು ಸಡಿಲಿಸುತ್ತದೆ, ಅಷ್ಟೇ. ಜೊತೆಗೆ ಮಂಪರು ಬರಬಹುದು, ಕಾಲು ಸೋಲಬಹುದು, ತಲೆ ತಿರುಗಬಹುದು. ನಾನು ಗಂಗಪ್ಪನಿಗೆ ಒಂದೊಂದಾಗಿ ಹೇಳಿದೆ: ಮನೆಯಲ್ಲಿ, ಊಟವಾದ ಮೇಲೆ ಕುಡಿಯಬೇಕು. ಕುಡಿದು ಚಾಪೆಯ ಮೇಲೆ ಮಲಗಬೇಕು. ನೋವು ಹೆಚ್ಚಾಯಿತೆಂದು ಬಾಟಲಿಯ ಮೇಲಿನ ಎರಡು ಗುರುತಿನಷ್ಟನ್ನು ಒಟ್ಟಿಗೆ ಕುಡಿಯಬಾರದು. ನಿದ್ದೆ ಮಾತ್ರೆ, ಹೆಂಡ, ಸಾರಾಯಿ ಯಾವುದನ್ನೂ ಅದರ ಜೊತೆ ಸೇರಿಸಬಾರದು. ಒಂದು ವಾರ ಪ್ರೆಸ್ ಮುಟ್ಟಬಾರದು.

ಕೊನೆಯ ಮಾತಿಗೆ ಅವನು ಎದ್ದು ಕೂತ.

‘ರಜ ಹಾಕಿದ್ರೆ ಕಾಯಂ ಆಗಕ್ಕಿಲ್ಲ. ಕುಂತು ಮಾಡೋ ಕೆಲಸ ಕೊಡ್ಸಿ ಅಮ್ಮಾವ್ರೆ, ರಜ ಬ್ಯಾಡ.’

ಲಘು ಕೆಲಸ ಕೊಡಬೇಕೆಂದು ಚೀಟಿಯಲ್ಲಿ ಬರೆದು ಕಳಿಸಿದೆ. ಕಾಂಪೌಂಡರ್ ಶಾಮಣ್ಣನವರು ಅವನು ತಂದ ಬಾಟಲಿಗೆ ಔಷಧಿ ತುಂಬಿ, ಡೋಸಿನ ಗುರುತಿಗೆ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸಿ ಕೊಟ್ಟರು.

ಎರಡು ದಿನ ಕಳೆದ ಮೇಲೆ ಶೆಡ್ಡಿನಿಂದ ಬಂದ ಒಬ್ಬ ಕೆಲಸಗಾರನಿಗೆ ಗಾಯ ಕಟ್ಟುತ್ತಿದ್ದೆ. ಅವನು ಆಕಳಿಸಿದ. ಮಧ್ಯಾಹ್ನಕ್ಕೆ ಮುಂಚೆಯೇ ನಿದ್ದೆಯೇ ಎಂದು ಕೇಳಿದೆ.

‘ಗಂಗನ ಬಾಟ್ಲೀಲಿ ಒಂದು ಗುಟುಕು ಹಾಕಿದೆ ಕಣಮ್ಮ. ನಂಗೂ ಸೊಂಟ ನೋವು. ಮೇಸ್ತ್ರಿ ಕೊಟ್ರು. ಚೆನ್ನಾಗೈತೆ, ಮೈಯೆಲ್ಲ ಬೆಣ್ಣೆ ಆದಂಗೈತೆ.’

ಕಟ್ಟು ಮುಗಿಸಿ ನೇರವಾಗಿ ಶೆಡ್ಡಿಗೆ ಹೋದೆ. ಡಾಕ್ಟರಮ್ಮ ಶೆಡ್ಡಿಗೆ ಬರಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಬರೆದಿದ್ದರೂ ಹೋಗುತ್ತಿದ್ದೆ.

ಗಂಗಪ್ಪ ತನ್ನ ಪ್ರೆಸ್ಸಿನ ಮುಂದೆಯೇ ನಿಂತಿದ್ದ. ನನ್ನ ಚೀಟಿಯನ್ನು ಕಚೇರಿಯಲ್ಲಿ ಬದಿಗಿಟ್ಟಿದ್ದರು. ಅವನ ಬಾಟಲಿ ಮೇಸ್ತ್ರಿ ಮುನಿಸ್ವಾಮಿಯವರ ಬೀರುವಿನಲ್ಲಿ, ಸ್ಪ್ಯಾನರುಗಳ ಪಕ್ಕದಲ್ಲಿತ್ತು. ಅದು ಆ ಶೆಡ್ಡಿನ ಪದ್ಧತಿ. ಕೆಮ್ಮಿನ ಮಿಕ್ಸ್ಚರ್, ಹೊಟ್ಟೆನೋವಿನ ಮಿಕ್ಸ್ಚರ್, ಯಾರ ಬಾಟಲಿಯಾದರೂ ಮೇಸ್ತ್ರಿಯ ವಶದಲ್ಲಿರುತ್ತಿತ್ತು. ಪಾಳಿ ಶುರುವಾಗುವಾಗ ಅವರು ಟೀ ಹಂಚಿದಂತೆ ಔಷಧಿ ಹಂಚುತ್ತಿದ್ದರು. ಕೇಳಿದವರಿಗೂ ಒಂದು ಗುಟುಕು. ಮುನಿಸ್ವಾಮಿ ಕೆಟ್ಟ ಮನುಷ್ಯರಲ್ಲ. ನೋವಿಟ್ಟುಕೊಂಡು ಕೆಲಸ ಮಾಡುವವನಿಗೆ ನೋವಿನ ಹೊತ್ತಿನಲ್ಲೇ ಔಷಧಿ ಸಿಗಲಿ ಎಂಬುದು ಅವರ ನ್ಯಾಯ.

‘ಏನ್ ಡಾಕ್ಟರಮ್ಮ, ನಮ್ ಶೆಡ್ಡಿಗೆ ಸೀರೆ ಬಂತು! ಸೆರಗು ಜೋಪಾನ, ಬೆಲ್ಟಿಗೆ ಸಿಕ್ಕೀತು,’ ಎಂದರು.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ‘ಆ ಬಾಟಲಿ ಕೊಡಿ ಮೇಸ್ತ್ರಿ.’

‘ಯಾಕಮ್ಮ? ನೀವೇ ಕೊಟ್ಟ ಔಷಧಿ ತಾನೆ?’

‘ನಾನು ಕೊಟ್ಟದ್ದು ಮಲಗುವ ಮನುಷ್ಯನಿಗೆ. ನೀವು ಕೊಡ್ತಾ ಇರೋದು ಪ್ರೆಸ್ಸಿಗೆ.’

ಅವರು ನಕ್ಕರು, ಬಾಟಲಿ ಕೊಡಲಿಲ್ಲ. ನಾನು ಗಂಗಪ್ಪನ ಪಕ್ಕದಲ್ಲಿ ನಿಂತು ಅವನು ಕೆಲಸ ಮಾಡುವುದನ್ನು ನೋಡಿದೆ. ಅವನ ಬೆನ್ನು ಮುಟ್ಟಿ ತಿಳಿಯದ ಸಂಗತಿ ಅಲ್ಲಿ ತಿಳಿಯಿತು. ಎಡಗಾಲಿನ ಮೇಲೆ ಇಡೀ ಮೈಭಾರ ಬಿಟ್ಟು, ಬಲಗಾಲಿನಿಂದ ಪೆಡಲ್ ತುಳಿಯುತ್ತಿದ್ದ. ತುಳಿದರೆ ಮೇಲಿನ ಅಚ್ಚು ಕೆಳಗೆ ಬಂದು ತಗಡನ್ನು ಒತ್ತಿ ಮೇಲೇರುತ್ತದೆ. ಆಗ ಕೈ ಒಳಗೆ ಹಾಕಿ ಮುಚ್ಚಳವನ್ನು ತೆಗೆಯಬೇಕು. ಅಷ್ಟರಲ್ಲಿ ಪಾದ ಪೆಡಲ್ ಬಿಟ್ಟಿರಲೇಬೇಕು. ಬಿಡದಿದ್ದರೆ ಅಚ್ಚು ಮತ್ತೊಮ್ಮೆ ಇಳಿಯುತ್ತದೆ. ಅದಕ್ಕೆ ಕೆಳಗಿರುವುದು ತಗಡೋ ಬೆರಳೋ ಗೊತ್ತಾಗುವುದಿಲ್ಲ.

ನೋವಿದ್ದ ಕಾಲು ಆ ಬಲಗಾಲು. ಔಷಧಿ ಸಡಿಲಿಸುತ್ತಿದ್ದದ್ದೂ ಅದನ್ನೇ.

ನಾನು ಸೂಪರಿಂಟೆಂಡೆಂಟರ ಕೋಣೆಗೆ ಹೋದೆ. ಅವರು ಇಂಗ್ಲಿಷ್ ಬೆರೆಸಿ ಮೆತ್ತಗೆ ಮಾತಾಡುವವರು; ಸಿಟ್ಟು ಬಂದಷ್ಟೂ ಇನ್ನೂ ಮೆತ್ತಗಾಗುತ್ತಿದ್ದರು.

‘ನೋಡಿ ಡಾಕ್ಟರ್, ಔಷಧಿ ಕೊಟ್ಟಿದ್ದೀರಿ, ಗುಣ ಕಾಣ್ತಾ ಇದೆ, ಅವನು ನಿಂತು ಕೆಲಸ ಮಾಡ್ತಾ ಇದಾನೆ. ವೆರಿ ಗುಡ್. ಚೀಟಿ ಮಾತ್ರ ಬದಲಾಯಿಸಿ. ಕೆಲಸಕ್ಕೆ ಫಿಟ್ ಅಂತ ಬರೆದುಬಿಡಿ.’

‘ಫಿಟ್ ಅಲ್ಲ ಸಾರ್.’

‘ಹಾಗಾದ್ರೆ ಅನ್‌ಫಿಟ್. ಅನ್‌ಫಿಟ್ ಆದವರನ್ನ ಕಾಯಂ ಮಾಡೋಕಾಗಲ್ಲ. ಅದನ್ನ ನೀವೇ ಅವನಿಗೆ ಹೇಳಿ.’

‘ಅವನು ಅನ್‌ಫಿಟ್ ಅಲ್ಲ. ಔಷಧಿ ಕುಡಿದು ಪ್ರೆಸ್ ತುಳಿಯೋದಕ್ಕೆ ಯಾವ ಮನುಷ್ಯನೂ ಫಿಟ್ ಅಲ್ಲ. ಪ್ಯಾಕಿಂಗಿಗೆ ಹಾಕಿ. ಕಾಲು ಸರಿಹೋಗಿ ಔಷಧಿ ಬಿಟ್ಟ ಮೇಲೆ ಪ್ರೆಸ್ಸಿಗೆ ಬರಲಿ. ಕಾಯಂ ಮಾಡೋದಕ್ಕೂ ಅದಕ್ಕೂ ಸಂಬಂಧ ಇಲ್ಲ.’

‘ನಿಮ್ಮ ಅಪಾಯಿಂಟ್‌ಮೆಂಟೂ ಟೆಂಪರರಿ ಅಲ್ವಾ, ಡಾಕ್ಟರ್?’ ಎಂದು ಬಹಳ ಮೆತ್ತಗೆ ಕೇಳಿದರು.

ಹೌದು ಎಂದೆ. ಇಬ್ಬರಿಗೂ ಗೊತ್ತಿದ್ದ ವಿಷಯಕ್ಕೆ ಬೇರೆ ಉತ್ತರ ಬೇಕಿರಲಿಲ್ಲ. ಮರುದಿನ ಬೆಳಿಗ್ಗೆ ಶೆಡ್ಡಿಗೆ ಬನ್ನಿ, ಫಿಟ್ ಹೌದೋ ಅಲ್ಲವೋ ನಿಮ್ಮ ಕಿವಿಗೇ ಕೇಳಿಸುತ್ತೇನೆ ಎಂದು ಹೇಳಿ ಹೊರಬಂದೆ.

ನನ್ನ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟಾಗಿದ್ದವನು ಗಂಗಪ್ಪನೇ. ಅನ್‌ಫಿಟ್ ಆದವರು ಕಾಯಂ ಆಗುವುದಿಲ್ಲ ಎಂಬ ಮಾತು ಅವನ ಕಿವಿಗೂ ಬಿದ್ದಿತ್ತು. ಸಂಜೆ ಡಿಸ್ಪೆನ್ಸರಿಯ ಬಾಗಿಲಲ್ಲಿ ನಿಂತು ಕೂಗಿದ.

‘ನಾನು ಕೇಳಿದ್ದು ಔಷಧಿ ಕಣ್ರಮ್ಮ, ಪಂಚಾಯ್ತಿ ಅಲ್ಲ. ನನ್ ಕೈ, ನನ್ ಕಾಲು. ಹೋದ್ರೆ ನಂದು ಹೋಯ್ತದೆ, ನಿಮ್ದೇನ್ ಹೋಯ್ತದೆ?’

‘ಕೈ ನಿನ್ನದೇ. ಔಷಧಿ ನನ್ನದು. ನಾಳೆ ನಾನು ಹೇಳಿದ ಹಾಗೆ ಒಂದು ಸಲ ಮಾಡು. ಆಮೇಲೂ ಪ್ರೆಸ್ಸೇ ಬೇಕು ಅಂದರೆ ಔಷಧಿ ನಿಲ್ಲಿಸ್ತೀನಿ. ಎರಡೂ ಒಟ್ಟಿಗೆ ಇಲ್ಲ.’

ಶಾಮಣ್ಣನವರು ಅವನನ್ನು ಹೊರಗೆ ಕರೆದುಕೊಂಡು ಹೋಗಿ ಬೀಡಿ ಕೊಟ್ಟು ಸಮಾಧಾನ ಮಾಡಿದರು.

ಮರುದಿನ ಪ್ರೆಸ್ಸಿನ ಬೆಲ್ಟನ್ನು ಚಕ್ರದಿಂದ ತೆಗೆಸಿದೆ. ಈಗ ಪೆಡಲ್ ತುಳಿದರೂ ಅಚ್ಚು ಕದಲುವಂತಿರಲಿಲ್ಲ. ಅಂದು ಔಷಧಿ ಇನ್ನೂ ಕುಡಿಯದ ಗಂಗಪ್ಪನನ್ನು ನಿಲ್ಲಿಸಿ, ಮೇಸ್ತ್ರಿಯವರಿಗೆ ತಮ್ಮ ಎಂದಿನ ದನಿಯಲ್ಲಿ ‘ತುಳಿ’, ‘ಬಿಡು’ ಎಂದು ಕೂಗಲು ಹೇಳಿದೆ. ಬಿಡು ಎಂದೊಡನೆ ಪಾದ ಮೇಲೇಳಬೇಕು, ಪೆಡಲ್ ಹಿಂದಕ್ಕೆ ಬಡಿದು ಟಕ್ ಎನ್ನಬೇಕು. ನೋವಿದ್ದರೂ ಟಕ್ ಎಂಬ ಸದ್ದು ಮೇಸ್ತ್ರಿಯ ಮಾತಿನ ಬೆನ್ನಿಗೇ ಬಂತು. ಅಕ್ಕಪಕ್ಕದವರು ಹುರುಪಿನಿಂದ ‘ಭಲೇ ಗಂಗ!’ ಎಂದರು. ಸೂಪರಿಂಟೆಂಡೆಂಟರು ಗಡಿಯಾರ ನೋಡಿಕೊಂಡರು.

ಆಮೇಲೆ ಅವನಿಗೆ ತಿಂಡಿ ತಿನ್ನಿಸಿ, ಒಂದೇ ಗುರುತಿನಷ್ಟು ಔಷಧಿ ಕೊಟ್ಟು, ಬೆಂಚಿನ ಮೇಲೆ ಕೂರಿಸಿದೆ. ಸುಮಾರು ಮುಕ್ಕಾಲು ಗಂಟೆಯ ನಂತರ ಅವನು ಎದ್ದು ನಿಂತು ಸೊಂಟ ತಿರುಗಿಸಿ ನಕ್ಕ. ‘ಈಗ ನೋಡಿ ಅಮ್ಮಾವ್ರೆ, ಎಂಗೈತೆ ಕಾಲು! ಹೂವು!’

ಮೇಸ್ತ್ರಿ ಕೂಗಿದರು: ‘ತುಳಿ.’ ತುಳಿದ. ‘ಬಿಡು.’

ಟಕ್ ಬರಲಿಲ್ಲ. ಬಂತು, ತಡವಾಗಿ. ಮತ್ತೆ ಕೂಗಿದರು. ಇನ್ನೂ ತಡವಾಯಿತು. ಗಂಗಪ್ಪ ಬಿಟ್ಟೆನೆಂದೇ ತಿಳಿದಿದ್ದ. ಕೈಯನ್ನು ಅಭ್ಯಾಸದಂತೆ ಅಚ್ಚಿನ ಕೆಳಗೆ ಹಾಕಿದ್ದ. ಪಾದ ಮಾತ್ರ ಪೆಡಲ್ ಮೇಲೆಯೇ ಇತ್ತು.

ಮೂರನೆಯ ಸಲ ಮುನಿಸ್ವಾಮಿಯವರ ಬಾಯಿಂದ ‘ಬಿಡು’ ಬಂದಾಗ ಅದು ಎಂದಿನ ದನಿಯಾಗಿರಲಿಲ್ಲ. ಗಂಗಪ್ಪ ತನ್ನ ಕೈಯನ್ನೂ ಕಾಲನ್ನೂ ಒಂದೊಂದು ಸಲ ನೋಡಿದ. ಅವನ ಮುಖದ ನಗು ಎಲ್ಲಿಗೋ ಹೋಯಿತು.

‘ನಂಗೆ ಬಿಟ್ಟಂಗೇ ಅನ್ಸ್ತು,’ ಎಂದ, ಯಾರಿಗೂ ಅಲ್ಲ ಎಂಬಂತೆ.

‘ಬೆಲ್ಟ್ ಹಾಕಿಸಲಾ ಸಾರ್?’ ಎಂದು ನಾನು ಸೂಪರಿಂಟೆಂಡೆಂಟರನ್ನು ಕೇಳಿದೆ. ‘ಫಿಟ್ ಅಂತ ನೀವೇ ಬರೆದು ಸಹಿ ಮಾಡಿ. ಈಗಲೇ ಹಾಕಿಸ್ತೀನಿ.’

ಅವರು ಉತ್ತರಿಸುವ ಮೊದಲೇ ಮುನಿಸ್ವಾಮಿ ಬೀರು ತೆರೆದು, ಅಲ್ಲಿದ್ದ ಬಾಟಲಿಗಳನ್ನೆಲ್ಲ, ಕೆಮ್ಮಿನದನ್ನೂ ಬಿಡದೆ, ತಂದು ನನ್ನ ಮುಂದೆ ಬೆಂಚಿನ ಮೇಲಿಟ್ಟರು.

‘ನಾನಿವನನ್ನ ಪ್ರೆಸ್ಸಿಗೆ ನಿಲ್ಸಲ್ಲ ಸಾರ್,’ ಎಂದರು. ‘ಬೇಕಾದ್ರೆ ನನ್ನನ್ನೂ ಮನೆಗೆ ಕಳ್ಸಿ. ಈ ಕೈಯಲ್ಲಿ ಎರಡು ಸಲ ತುಂಡಾದ ಬೆರಳು ಆಯ್ದು ಬಟ್ಟೇಲಿ ಸುತ್ತಿದೀನಿ. ಸಾಕು.’

ಪಕ್ಕದ ಪ್ರೆಸ್ಸಿನವರು ಯಾರೂ ಪೆಡಲ್ ತುಳಿಯುತ್ತಿರಲಿಲ್ಲ. ಮುನಿಸ್ವಾಮಿ ಇಲ್ಲದೆ ಆ ಶೆಡ್ಡು ಒಂದು ಪಾಳಿಯೂ ನಡೆಯುವುದಿಲ್ಲ ಎಂಬುದು ಸೂಪರಿಂಟೆಂಡೆಂಟರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ‘ಪ್ಯಾಕಿಂಗಿಗೆ ಕಳಿಸಿ’ ಎಂದು ಹೇಳಿ ಹೊರಟರು. ನಾನು ಹಿಂದೆಯೇ ಹೋಗಿ ಕಾಯಂ ವಿಷಯ ಕೇಳಿದೆ. ಅವರು ತಿರುಗಿ ನೋಡದೆ, ‘ಅದೂ ಆಗುತ್ತೆ. ನಿಮಗೆ ತೃಪ್ತಿ ತಾನೆ?’ ಎಂದರು. ಅವನು ಕಾಯಂ ಆದಾಗ ತೃಪ್ತಿ ಎಂದೆ.

ಅಂದಿನಿಂದ ಡಿಸ್ಪೆನ್ಸರಿಯ ಬಾಟಲಿ ಶೆಡ್ಡಿನ ಒಳಗೆ ಹೋಗಲಿಲ್ಲ. ಗಂಗಪ್ಪ ಮನೆಯಲ್ಲಿ ಕೆಲ ದಿನ ಮಾತ್ರ ಔಷಧಿ ಕುಡಿದ, ಸೊಂಟಕ್ಕೆ ಬಿಸಿನೀರಿನ ಕಾವು ಕೊಟ್ಟುಕೊಂಡ, ಚಾಪೆಯ ಮೇಲೆ ಮಲಗಿದ. ಸೆಳೆತ ಮೊದಲು ಹೋಯಿತು. ಕಾಲಿನ ನೋವು ನಿಧಾನವಾಗಿ, ತನ್ನ ಪಾಡಿಗೆ ತಾನು ಇಳಿಯಿತು. ಔಷಧಿ ಬಿಟ್ಟ ಮೇಲೆ ಮತ್ತೆ ಪ್ರೆಸ್ಸಿಗೆ ಹೋದ. ಮುನಿಸ್ವಾಮಿ ಅವನಿಗೊಂದು ಎತ್ತರದ ಸ್ಟೂಲ್ ಮಾಡಿಸಿಕೊಟ್ಟರು. ಆ ವರ್ಷ ಅವನು ಕಾಯಂ ಆದ.

ನಾನು ಆಗಲಿಲ್ಲ. ವರ್ಷ ಮುಗಿದಾಗ ನನ್ನ ನೇಮಕ ಮುಂದುವರಿಯಲಿಲ್ಲ. ಕಾರಣ ಕೊಡಲಿಲ್ಲ, ನಾನೂ ಕೇಳಲಿಲ್ಲ. ಒಂದು ಸಹಿ ಹಾಕಿದ್ದರೆ ಉಳಿಯುತ್ತಿದ್ದೆ ಎಂದು ಮನೆಯಲ್ಲಿ ಹೇಳಿದರು. ಆ ಸಹಿಯ ಕೆಳಗೆ ನನ್ನ ಹೆಸರಿನ ಜೊತೆ ನನ್ನ ಡಿಗ್ರಿಯೂ ಇರುತ್ತಿತ್ತು. ಅದು ಬಾಡಿಗೆಗೆ ಇರಲಿಲ್ಲ. ರಾಜಾಜಿನಗರದಲ್ಲೇ ಒಂದು ಕೋಣೆ ಹಿಡಿದು ನನ್ನ ಬೋರ್ಡು ಹಾಕಿದೆ.

ಕಾಲೇಜಿನಲ್ಲಿ ಔಷಧಿಯ ಪ್ರಮಾಣ ಕಲಿಸಿದರು, ಅಡ್ಡ ಪರಿಣಾಮ ಕಲಿಸಿದರು. ಕುಡಿದ ಮನುಷ್ಯ ಮುಂದಿನ ಗಂಟೆಯಲ್ಲಿ ಎಲ್ಲಿ ನಿಂತಿರುತ್ತಾನೆ ಎಂದು ಕೇಳುವುದನ್ನು ಕಲಿಸಿದ್ದು ಆ ಪೆಡಲ್. ಈಗ ನನ್ನ ಕೋಣೆಗೆ ಬಂದವರು ಟಾಂಗಾ ಹೊಡೆಯುವವರಾಗಲಿ, ಹೊಲಿಗೆ ಯಂತ್ರ ತುಳಿಯುವವರಾಗಲಿ, ಅದನ್ನು ಕೇಳದೆ ನಾನು ಸೆಳೆತದ ಔಷಧಿ ಬರೆಯುವುದಿಲ್ಲ. ಅವಸರವಿರುವವರು ಬೇರೆ ಡಾಕ್ಟರ ಹತ್ತಿರ ಹೋಗಬಹುದು. ಕೆಲವರು ಹೋಗುತ್ತಾರೆ.

ಕಳೆದ ತಿಂಗಳು ಗಂಗಪ್ಪ ಹೆಂಡತಿಯನ್ನು ಕರೆದುಕೊಂಡು ಬಂದ. ಪುಟ್ಟಮ್ಮನಿಗೆ ಕತ್ತು ಹಿಡಿದುಕೊಂಡು ತಲೆ ತಿರುಗಿಸಲಾಗುತ್ತಿರಲಿಲ್ಲ. ಪರೀಕ್ಷೆ ಮಾಡಿ ಔಷಧಿ ಬರೆಯತೊಡಗಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಹೆಂಡತಿಗೆ ಶುರುಮಾಡಿದ.

‘ಇದನ್ನ ಕುಡಿದ್ಮೇಲೆ ಒಲೆ ಮುಂದೆ ಕೂರ್‍ಬಾರ್ದು. ಬಾವಿ ತಾವ ಹೋಗ್ಬಾರ್ದು. ಮಗೀನ ಎತ್ಕೊಂಡು ಮೆಟ್ಲು ಇಳೀಬಾರ್ದು. ನಿಂಗೆ ನೆಟ್ಟಗಿವ್ನಿ ಅನ್ಸ್ತದೆ, ನೆಟ್ಟಗಿರಕ್ಕಿಲ್ಲ. ತಿಳೀತಾ?’

‘ಒಲೆ ಮುಂದೆ ಕೂರ್‍ಬಾರ್ದಂತೆ!’ ಎಂದಳು ಪುಟ್ಟಮ್ಮ, ತಿರುಗದ ಕತ್ತಿನಿಂದಲೇ ನನ್ನ ಕಡೆ ಕಣ್ಣು ಹೊರಳಿಸಿ. ‘ಮುದ್ದೆ ಯಾರ್ ತೊಳಸ್ತಾರಂತೆ ಕೇಳಿ ಅಮ್ಮಾವ್ರೆ, ಇವರಪ್ಪನಾ?’

‘ನಾನ್ ತೊಳಸ್ತೀನಿ ಕಣೇ,’ ಎಂದ ಗಂಗಪ್ಪ. ಎರಡೂ ಅಂಗೈಗಳನ್ನು ಮೇಜಿನ ಮೇಲೆ, ನನ್ನ ಮುಂದೆ, ಬಿಡಿಸಿ ಇಟ್ಟ. ‘ಹತ್ತು ಬೆರಳೂ ನೆಟ್ಟಗೇ ಅವೆ.’