ಮಯೆಸ್ತ್ರಾ ಕಣ್ಣಲ್ಲಿ ಕಂಡದ್ದು

ನನಗೆ ಮರೆವು ಬಂದಿದೆ ಎನ್ನುವವರು ಮೊದಲು ತಮ್ಮ ಮದುವೆಯ ದಿನ ಏನು ಉಂಡೆವೆಂದು ಹೇಳಲಿ, ಆಮೇಲೆ ನನ್ನನ್ನು ತಿದ್ದಲಿ. ಅರುಳುಮರುಳು ನನಗಲ್ಲ, ಮಯೆಸ್ತ್ರಾ ಅವರ ಈ ಬೀಳ್ಕೊಡುಗೆ ಸಂಪುಟದಲ್ಲಿ 'ಆ ಸಂಗತಿಯೊಂದು ಬೇಡ' ಎಂದು ಗೋಗರೆದ ಸಂಪಾದಕರಾದ ನಿಮಗೆ.

ನಮ್ಮ ಬಿಸಾಯಾ ದ್ವೀಪಗಳಲ್ಲಿ ಇಗರ್ಜಿಯ ಧರ್ಮಪಾಠ ಹೇಳಿಕೊಟ್ಟವರು ಬೇಕಾದಷ್ಟು ಮಂದಿ. ಹೇಳಿಕೊಟ್ಟ ಪಾಠಕ್ಕೆ ತಾವೇ ಮೊದಲು ತಲೆಯೊಡ್ಡಿದವರು ಮಾತ್ರ ಈ ವರ್ಷ ನಿವೃತ್ತರಾಗುತ್ತಿರುವ ನಮ್ಮ ಮಯೆಸ್ತ್ರಾ, ಎಂದರೆ ಟೀಚರಮ್ಮ, ಪರ್ಪೆತ್ವಾ ಮಗ್ಲಾಸಾಂಗ್ ಅವರೊಬ್ಬರೇ. ಹಿಲಾವನ್ ಕಡಲಕೇರಿಗೆ ಅವರು ಬಂದಾಗ ಇಗರ್ಜಿಗೆ ಸೂರಿರಲಿಲ್ಲ. ತೆಂಗಿನ ಗರಿಯಡಿ ಮಕ್ಕಳನ್ನು ಕೂರಿಸಿ, ಯಾರ ಮೇಲೂ ತೀರ್ಪು ಕೊಡಬೇಡಿ, ಕ್ಷಮಿಸಿ, ಅಳೆಯದೆ ಕೊಡಿ ಎಂದು ಕಲಿಸಿದರು. ಬಿರುಗಾಳಿಯ ವರ್ಷ ಯಾರು ಪೂಜೆಗೆ ಬರುತ್ತಾರೆ, ಯಾರು ಬರುವುದಿಲ್ಲ ಎಂದು ಕೇಳದೆ ಮನೆಯ ಅಕ್ಕಿಯನ್ನೆಲ್ಲ ಹಂಚಿ ತಾವು ಗೆಣಸು ತಿಂದರು.

ನಮ್ಮಲ್ಲಿ ಮಗುವನ್ನು ಹೊಗಳಿದವರು ಹಿಂದೆಯೇ 'ಪ್ವೆರಾ ಬುಯಾಗ್' ಎಂದು ದೃಷ್ಟಿ ತೆಗೆದುಬಿಡಬೇಕು. ಕಾಂಡ್ಲಾ ಕಾಡಿನಾಚೆ ಒಂಟಿಯಾಗಿದ್ದ ಅಜ್ಜಿ, ಲೋಲಾ ಬಸ್ಯಾ, ಮೀನುಗಾರ ಕೊಪ್ಯೊನ ಹಸುಗೂಸನ್ನು ಮುದ್ದಾಗಿದೆ ಎಂದವಳು ಆ ಮಾತನ್ನು ಮರೆತಳು. ಮರುದಿನವೇ ಕೂಸಿಗೆ ಜ್ವರ, ಹೊಟ್ಟೆಯುಬ್ಬರ. ಅಳಲು ಬಾಯಿ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಅವಳು ಅಸ್ವಾಂಗ್, ಮನುಷ್ಯರ ವೇಷದಲ್ಲಿ ಕೂಸುಗಳನ್ನು ಹೀರುವವಳು ಎಂದಿತು ಊರು. ಅಂಥವಳ ಕಣ್ಣಿನಲ್ಲಿ ನಮ್ಮ ಬಿಂಬ ತಲೆಕೆಳಗಾಗಿ ಕಾಣುತ್ತದೆ. ನೋಡಿಬರಲು ಮಯೆಸ್ತ್ರಾ ಅವರೇ ಸರಿ, ಕೊರಳಲ್ಲಿ ಮಂತ್ರಿಸಿದ ಪದಕವಿದೆ ಎಂದರು. ತಲೆಕೆಳಗು ಎಂದರೆ ಗುಡಿಸಲಿಗೆ ಬೆಂಕಿ. ಸೀಮೆಎಣ್ಣೆ ಡಬ್ಬಿ ಕೊಪ್ಯೊನ ಕೈಯಲ್ಲಿ ಸಿದ್ಧವಾಗಿತ್ತು.

ಮಟಮಟ ಮಧ್ಯಾಹ್ನ. ಕಡಲು ಹಿಂದೆ ಸರಿದಿತ್ತು. ಕೆಸರಿನ ಏಡಿಗಳು ಬಿಲದ ಬಾಯಲ್ಲಿ ಅಲುಗದೆ ನಿಂತಿದ್ದವು. ಒಳಗೆ ಹೋದ ಮಯೆಸ್ತ್ರಾ ಅವರನ್ನು ಲೋಲಾ ಬಸ್ಯಾ ಯಾಕೆ ಬಂದಿರೆಂದು ಕೇಳಲಿಲ್ಲ. ಮುಖವನ್ನು ಬೆಳಕಿಗೆ ಹಿಡಿದುಕೊಟ್ಟಳು. ಅವರು ಬಗ್ಗಿ ನೋಡಿದರು. ಕಣ್ಣಿನೊಳಗೆ ಪುಟ್ಟ ಹೆಂಗಸೊಬ್ಬಳು ಬಾವಲಿಯಂತೆ ತಲೆಕೆಳಗಾಗಿ ತೂಗುತ್ತಿದ್ದಳು; ಅವಳ ಕೊರಳ ಪದಕ ಮೇಲಕ್ಕೆ ಬೀಳುತ್ತಿತ್ತು.

ನಿಜ ಹೇಳಿದರೆ ಒಂದು ಜೀವದ ನೆಲೆ ಸುಡುತ್ತದೆ, ಸುಳ್ಳು ಹೇಳಿ ಅವರ ನಾಲಗೆಗೆ ರೂಢಿಯಿಲ್ಲ. ಆಗ ಹೊಳೆಯಿತು: ತಲೆಕೆಳಗಾಗಿರುವವಳು ಮುದುಕಿಯಲ್ಲ, ತೀರ್ಪು ಬೇಡವೆಂದು ಕಲಿಸಿ ತೀರ್ಪಿಗೆ ಬಂದ ತಾವೇ.

"ಏನ್ ಕಾಣ್ತು ಮಯೆಸ್ತ್ರಾ?" ಅವರು ಹೊರಗೆ ಬಂದಾಗ, ಅಣ್ಣನನ್ನೂ ಊರವರನ್ನೂ ಕಟ್ಟಿಕೊಂಡು ಕಾದಿದ್ದ ಕೊಪ್ಯೊ ಕೇಳಿದ.

"ಹೇಳ್ತೀನಪ್ಪ. ಅದಕ್ಕೆ ಮುಂಚೆ ನನ್ ಕಣ್ಣು ನೋಡು."

ಕೊಪ್ಯೊ ನಕ್ಕ. ನೋಡಿದ. ನಗು ಮುಖದಲ್ಲೇ ಒಣಗಿತು.

"ನೀವೂನಾ?"

"ನಾನೂನೂ. ಸುಡೋದಾದ್ರೆ ನನ್ ಮನೆಯಿಂದ ಶುರು ಮಾಡು. ಆಮೇಲೆ ನಿಮ್ಮಣ್ಣನ ಕಣ್ಣೂ ಒಂದ್ಸಲ ನೋಡ್ಬಿಡು."

ಕೊಪ್ಯೊ ತಿರುಗಿದ, ಅಣ್ಣ ರೆಪ್ಪೆ ಮುಚ್ಚಿಕೊಂಡ. ಆಚೆ ನೋಡಿದ, ಅಲ್ಲಿಯೂ ರೆಪ್ಪೆಗಳು ಮುಚ್ಚಿದವು. ಆ ಹಾಡಹಗಲಲ್ಲಿ ಊರಿಗೆ ಊರೇ ಕಣ್ಣು ಮುಚ್ಚಿಕೊಂಡು, ಬೇಲಿ ತಡವುತ್ತ ಮನೆ ಸೇರಿತು.

ದೃಷ್ಟಿ ತಾಗಿಸಿದವರೇ ಬಂದು ಕೂಸಿನ ಹೊಟ್ಟೆಗೆ ಎಂಜಲು ಸವರಿದರೆ ಕಾಯಿಲೆ ಇಳಿಯುತ್ತದೆ. ಆದರೆ ಬಂದವರು ತಪ್ಪೊಪ್ಪಿಕೊಂಡಂತೆಯೇ, ಕೆಟ್ಟ ಕಣ್ಣಿನವರೆಂಬ ಹೆಸರು ಸಾಯುವವರೆಗೂ ಅಂಟುತ್ತದೆ. ಸಂಜೆ ಲೋಲಾ ಬಸ್ಯಾ ಯಾರೂ ಕರೆಯದೆ ಕೊಪ್ಯೊನ ಮನೆಗೆ ಬಂದಳು. ಹೆಬ್ಬೆರಳನ್ನು ಬಾಯಲ್ಲಿ ಒದ್ದೆ ಮಾಡಿ ಹೊಟ್ಟೆಯ ಮೇಲೆ ಶಿಲುಬೆ ಎಳೆದಳು.

"ಲೋಲಾ, ನಿಮ್ಮನೆ ಸುಡೋಕೆ ಬಂದಿದ್ದೆ ನಾನು," ಎಂದ ಕೊಪ್ಯೊ.

"ಗೊತ್ತು ಮಗ. ಸೀಮೆಎಣ್ಣೆ ವಾಸನೆ ಒಳಗೇ ಬಂದಿತ್ತು. ಕೂಸಿಗೆ ಹೊದಿಸು, ಗಾಳಿ ತಣ್ಣಗಿದೆ."

ಬೆಳಗಾಗುವಾಗ ಕೂಸು ಗಟ್ಟಿಯಾಗಿ ಅತ್ತಿತು. ಯಾವುದರಿಂದ ಗುಣವಾಯಿತೆಂದು ನನ್ನನ್ನು ಕೇಳಬೇಡಿ.

ಈಗಲೂ ಚಾಡಿ ಹೇಳಲು ಬಂದವರಿಗೆ ಮಯೆಸ್ತ್ರಾ ಬೈಯುವುದಿಲ್ಲ. ನೇರವಾಗಿ ನೋಡುತ್ತಾರೆ, ಅಷ್ಟೇ. ಬಂದವರು ನೆಲ ನೋಡುತ್ತ ಹಿಂದಿರುಗುತ್ತಾರೆ. ಅವರು ನೂರು ಕಾಲ ಬಾಳಲಿ, ಬಿಡುವಿನಲ್ಲೂ ಪಾಠ ಹೇಳುತ್ತಿರಲಿ, ಆ ಕಣ್ಣಿಗೆ ಪೊರೆ ಬಾರದಿರಲಿ. ನೀವು ಈ ಕಥೆಯನ್ನು ಮುಂದಿನವರಿಗೆ ದಾಟಿಸಿ. ಹೇಳುವಾಗ ಮಾತ್ರ ಎದುರಿನವರ ಕಣ್ಣು ನೋಡಿ ಹೇಳಿ.