ಉಪ್ಪು ಹಾಕಿದ ಸಮುದ್ರ

ನಮ್ಮ ಮುಖ್ಯೋಪಾಧ್ಯಾಯಿನಿಗೆ ನೀರಿನ ಮೇಲೂ ಕೋಪವಿಲ್ಲ, ಬಣ್ಣದ ಮೇಲೂ ಇಲ್ಲ. ಎರಡೂ ಸೇರಿ ಬೆಂಚಿನ ಮೇಲೆ ಚೆಲ್ಲಿದರೆ ಮಾತ್ರ ಆಗದು. ಬೋಳಾರದ ನಮ್ಮ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ನಾನು ಟೀಚರ್. ಪಾಠವನ್ನು ಕಥೆ ಹೇಳಿ, ಜಲವರ್ಣದ ಚಿತ್ರ ಬರೆಸಿ ಕಲಿಸುತ್ತೇನೆಂದು ಅವರ ತಲೆ ತಿಂದು ತಿಂದು ಒಂದು ದಿನದ ಒಪ್ಪಿಗೆ ಗಿಟ್ಟಿಸಿದೆ.

“ಒಂದು ದಿನ ನೋಡುವ. ಮಕ್ಕಳ ತಲೆಗೆ ಪಾಠ ಹೋಗದಿದ್ರೆ ಬಣ್ಣದ ಪೆಟ್ಟಿಗೆ ನನ್ನ ಕಪಾಟಿಗೆ,” ಎಂದರು.

ಆ ಕಪಾಟಿಗೆ ಹೋದ ಚೆಂಡು, ಪೀಪಿ, ಬುಗುರಿ ಯಾವುದೂ ಹೊರಗೆ ಬಂದ ಚರಿತ್ರೆಯಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಅಂದಿನ ಪಾಠ, ಸಮುದ್ರದ ನೀರು ಉಪ್ಪು ಯಾಕೆ ಎಂಬುದು. ನನ್ನ ಕಥೆಯಲ್ಲಿ ನದಿ ಒಬ್ಬಳು ಅಜ್ಜಿ. ಬೆಟ್ಟದ ಕಲ್ಲುಗಳನ್ನೆಲ್ಲ ಸವರಿ, ಚಿಟಿಕೆ ಚಿಟಿಕೆ ಉಪ್ಪನ್ನು ಸೆರಗಿಗೆ ಕಟ್ಟಿಕೊಂಡು ಸಮುದ್ರದ ಮನೆಗೆ ಬರುತ್ತಾಳೆ. ಸೂರ್ಯನೆಂಬ ಅಳಿಯ ದಿನಾ ಬಂದು ನೀರು ಮಾತ್ರ ಕುಡಿದು ಹೋಗುತ್ತಾನೆ, ಉಪ್ಪನ್ನು ಮೂಸಿಯೂ ನೋಡುವುದಿಲ್ಲ. ಅಳಿಯನ ಬಿಗುಮಾನವನ್ನು ನಾನು ನಟಿಸಿ ತೋರಿಸಿದಾಗ ಮಕ್ಕಳು ಬೆಂಚು ಬಡಿದು ನಕ್ಕರು.

ಆಮೇಲೆ ಎಲ್ಲರೂ ಸಮುದ್ರ ಬರೆದರು. ಉಳ್ಳಾಲದಿಂದ ಬರುವ ಮೀನುಗಾರರ ಮನೆಯ ಹುಡುಗಿಯೊಬ್ಬಳು ಕಾಗದ ನೋಡಿ ಮುಖ ಹುಳ್ಳಗೆ ಮಾಡಿದಳು.

“ಟೀಚರ್, ನನ್ನ ಸಮುದ್ರ ಸಪ್ಪೆ ಉಂಟು.”

“ಹಾಗಾದ್ರೆ ಉಪ್ಪು ಹಾಕು ಮಾರಾಯ್ತಿ,” ಎಂದು ತಮಾಷೆಗೆ ಹೇಳಿ, ಕಿಟಕಿಯ ಬಳಿ ಕುಂಚ ತೊಳೆಯುತ್ತ ನಿಂತೆ.

ತಿರುಗಿ ನೋಡುವಾಗ ಬಿಸಿಯೂಟದ ಅಡುಗೆಮನೆಯ ಉಪ್ಪಿನ ಡಬ್ಬ ತರಗತಿಯಲ್ಲಿತ್ತು. ಮನೆಯಲ್ಲಿ ಮೀನು ಒಣಗಿಸುವಾಗ ಹಾಕುವ ಹಾಗೆ, ಹುಡುಗಿ ಸಾಲಾಗಿ ಎಲ್ಲರ ಚಿತ್ರಗಳಿಗೂ ಉಪ್ಪು ಉದುರಿಸಿಯಾಗಿತ್ತು. ಗದರಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಉಪ್ಪು ಬಿದ್ದಲ್ಲೆಲ್ಲ ಹಸಿ ನೀಲಿ ಸರಿದು ನೊರೆಯಂಥ ಬಿಳಿ ಚುಕ್ಕೆಗಳು ಎದ್ದವು. ಬೈಗುಳ ಮರೆತೇ ಹೋಯಿತು. ನಾನೂ ಒಂದು ಹಿಡಿ ಹಾಕಿದೆ.

ಊಟ ಬಡಿಸುವ ಮೊದಲು ರುಚಿ ನೋಡುವುದು ಮುಖ್ಯೋಪಾಧ್ಯಾಯಿನಿಯ ಕೆಲಸ. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆ ಅಂದು ಅವರಿಗೆ ಉಪ್ಪಿಲ್ಲದ ಸಾರಿನಲ್ಲೇ ಮನವರಿಕೆಯಾಗಿತ್ತು. ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಡಬ್ಬ ನೋಡಿದರು, ಚಿತ್ರ ನೋಡಿದರು, ಉಪ್ಪಿನ ಕೈಯ ಹುಡುಗಿಯನ್ನು ನೋಡಿದರು. ಪೆಟ್ಟಿಗೆಯ ಆಸೆಯನ್ನು ನಾನು ಅಲ್ಲೇ ಬಿಟ್ಟೆ.

“ಎಂತ ಇದು? ಸಮುದ್ರದಲ್ಲಿ ಉಪ್ಪಿಲ್ವಾ, ನೀನು ಹಾಕ್ಲಿಕ್ಕೆ?”

ಹುಡುಗಿ ಹೆದರಲಿಲ್ಲ. “ಉಂಟು ಟೀಚರ್. ಬೆಟ್ಟದ ಕಲ್ಲಿಂದ ನದಿ ತರ್ತದೆ. ಸೂರ್ಯ ನೀರು ಮಾತ್ರ ಕೊಂಡುಹೋಗ್ತಾನೆ, ಉಪ್ಪು ಬಿಟ್ಟು ಹೋಗ್ತಾನೆ. ಹಾಗೆ ಜಾಸ್ತಿ ಆಗ್ತಾ ಬಂತು. ನನ್ನ ಪೇಪರಲ್ಲಿ ನದಿ ಇರ್ಲಿಲ್ಲ, ಅದಕ್ಕೆ ನಾನೇ ತಂದೆ.”

ಸೌಟು ನಿಧಾನವಾಗಿ ಕೆಳಗಿಳಿಯಿತು. ಅವರು ನನ್ನ ಕಡೆ ತಿರುಗಿ, “ಮುಂದಿನ ವಾರ ಉಪ್ಪು ನಿಮ್ಮ ಮನೆಯಿಂದ ತನ್ನಿ,” ಎಂದರು. ಉಪ್ಪಿನ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ಬಣ್ಣದ ಪೆಟ್ಟಿಗೆಯನ್ನು ಮುಟ್ಟಲಿಲ್ಲ.